ಸೊಟ್ಟ ಬರೆಯ ಕೆಳಗೆ ಲಿವರ್

ಅರಿಷಿಣದ ಕೊಂಬನ್ನು ದೀಪಕ್ಕೆ ಹಿಡಿದು ಕಾಸಿದರೆ ಬರುವ ವಾಸನೆ ಅಡುಗೆಮನೆಯ ಅರಿಷಿಣದ ವಾಸನೆಯಲ್ಲ. ಮೊದಲು ಮಣ್ಣು ಸುಟ್ಟ ಹಾಗೆ, ಆಮೇಲೆ ಕೂದಲು ಸುಟ್ಟ ಹಾಗೆ. ಹೋದ ವಾರ ಕಣಗಲಾ ಎಂಬ ಊರಿನ ಒಂದು ಮನೆಯ ಪಡಸಾಲೆಯಲ್ಲಿ ಅದು ಮೂಗಿಗೆ ಬಡಿಯಿತು. ಸಿಡುಬಿನ ಲಸಿಕೆ ಹಾಕಲು ಹೋಗಿದ್ದೆ. ಹುಕ್ಕೇರಿ ತಾಲ್ಲೂಕಿನ ಹಳ್ಳಿಗಳಲ್ಲಿ ಈಗ ನನ್ನ ನೌಕರಿ ಅದೇ. ಹೆಗಲಿಗೆ ಚೀಲ, ಕೆಳಗೆ ಸೈಕಲ್ಲು, ಹಿಂದೆ ಊರ ನಾಯಿಗಳು. ನಾನು ಬಂದ ಸುದ್ದಿ ಕೇಳಿದರೆ ಮಕ್ಕಳು ಕಾಳು ತುಂಬುವ ಹಗೇವಿನಲ್ಲಿ ಇಳಿದು ಕೂರುತ್ತವೆ. ಇಷ್ಟು ಗೌರವ ನಮ್ಮ ಮನೆತನದಲ್ಲಿ ಯಾರಿಗೂ ಸಿಕ್ಕಿಲ್ಲ.

ಒಳಗೆ ಹೊಟ್ಟೆ ಉಬ್ಬಿದ ಒಂದು ಕೂಸು ತಾಯಿಯ ತೊಡೆಯ ಮೇಲೆ ಮಲಗಿತ್ತು. ಅದರ ಅಜ್ಜಿ ದೀಪದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೊಂಬು ಕಾಸುತ್ತಿದ್ದಳು. ನನ್ನನ್ನು ಕಂಡವಳೇ ಅದನ್ನು ಸೆರಗಿನ ಮರೆಗೆ ಹಿಡಿದಳು. ಬರೆ ಕೊಡಬೇಡಿರಿ, ಕೂಸನ್ನು ದವಾಖಾನೆಗೆ ಒಯ್ಯಿರಿ ಎಂದೆ.

"ನಿನಗೇನ ಗೊತ್ತೋ ತಮ್ಮಾ?" ಎಂದಳು ಮುದುಕಿ. "ಬರಿ ಬಿದ್ದ ಹೊಟ್ಟಿ ಎಂದಾರ ನೋಡೀ ಏನ ನೀ?"

ನನ್ನ ಕೈ ತಾನಾಗಿಯೇ ಅಂಗಿಯ ಗುಂಡಿಗೆ ಹೋಯಿತು. ಹೋಗಿ ಅಲ್ಲೇ ನಿಂತಿತು, ಬಿಚ್ಚಲಿಲ್ಲ. ಅರ್ಧ ತಾಸು ವಾದ ಮಾಡಿ, ಒಂದು ಬಂಡಿ ಗೊತ್ತು ಮಾಡಿ, ತಾಯಿ ಮಗುವನ್ನು ಹುಕ್ಕೇರಿಗೆ ಕಳಿಸಿದೆ. ಗುಂಡಿ ಬಿಚ್ಚಿದ್ದರೆ ಮುದುಕಿಯ ಪ್ರಶ್ನೆಗೆ ಅರೆಗಳಿಗೆಯಲ್ಲಿ ಉತ್ತರ ಸಿಗುತ್ತಿತ್ತು.

ಆ ಗುಂಡಿಗಳನ್ನು ಇಡೀ ಕ್ಲಾಸಿನ ಎದುರು ಬಿಚ್ಚಿ ನಿಲ್ಲಬೇಕಾಗಿದ್ದ ಒಂದು ವರ್ಷ ಇತ್ತು, ಗೋಕಾಕದಲ್ಲಿ.

ಮೂಡಲಗಿಯಿಂದ ಮೆಟ್ರಿಕ್ ಪಾಸಾಗಿ ಗೋಕಾಕದ ಕಾಲೇಜಿಗೆ ಹೋದವರಲ್ಲಿ ನಾನೂ ಒಬ್ಬ. ಕಾಲೇಜು ಅಂದರೆ ಹಳೆಯ ಅರಳೆ ಗೋದಾಮು. ಗಾಳಿ ಬೀಸಿದರೆ ತೊಲೆಯ ಸಂದಿಯಿಂದ ಹತ್ತಿಯ ಎಳೆ ತೇಲಿ ಬಂದು ಮಾಸ್ತರರ ಮೀಸೆಯ ಮೇಲೆ ಕೂರುತ್ತಿತ್ತು. ಆ ವರ್ಷ ಹೊಸದಾಗಿ ಮನುಷ್ಯನ ದೇಹರಚನೆ, ಶರೀರಕ್ರಿಯೆ ಎಂಬ ವಿಷಯ ಶುರುವಾಗಿತ್ತು. ಎಲುಬು ಎಷ್ಟು, ರಕ್ತ ಎತ್ತ ಹೋಗುತ್ತದೆ, ತಿಂದದ್ದು ಏನಾಗುತ್ತದೆ. ಇದು ಪಾಸಾದರೆ ದವಾಖಾನೆಯ ನೌಕರಿಗೆ ದಾರಿ ಎಂದು ಯಾರೋ ಅಪ್ಪನಿಗೆ ಹೇಳಿದ್ದರು. ಬೆಲ್ಲದ ಪೆಂಟೆ ಹೇರಿಕೊಂಡು ಗೋಕಾಕದ ಸಂತೆಗೆ ಬಂಡಿ ಹೊಡೆಯುತ್ತಿದ್ದ ಅಪ್ಪ, ಬೆಲ್ಲದ ಜೊತೆ ನನ್ನನ್ನೂ ಹೇರಿಕೊಂಡು ಬಂದು ಇಳಿಸಿ ಹೋದ.

ಕಲಿಸಲು ಇದ್ದದ್ದು ಒಂದೇ ಗೋಡೆಯ ಪಟ. ಚರ್ಮ ಸುಲಿದು ಒಳಗಿನದೆಲ್ಲ ತೋರಿಸುವ ಒಬ್ಬ ಮನುಷ್ಯ ಅದರಲ್ಲಿ ನಿಂತಿದ್ದ. ಆದರೆ ಗೋದಾಮಿನ ಗೆದ್ದಲು ಅವನ ಬಲ ಪಕ್ಕೆಯಿಂದ ಸೊಂಟದ ತನಕ ತಿಂದು ಹಾಕಿತ್ತು. ಅವನಿಗೆ ಲಿವರ್ ಇರಲಿಲ್ಲ. ಆದರೂ ನಗುತ್ತಿದ್ದ.

ಪಾಠ ಹೇಳುತ್ತಿದ್ದವರು ಜೋಶಿ ಸರ್. ಕರಿ ಟೊಪ್ಪಿಗೆ, ಮೂಗಿಗೇರಿಸುವ ತಪಕೀರಿನ ಡಬ್ಬಿ, ಸದಾ ಬರುವಂತಾಗಿ ಬಾರದೆ ಹೋಗುವ ಸೀನು. ನಾವು 'ಐತಿ' ಎನ್ನುವಲ್ಲಿ ಅವರು 'ಅದ' ಎನ್ನುತ್ತಿದ್ದರು, ಮಾತಿಗೊಮ್ಮೆ 'ಹೌದಿಲ್ಲೋ' ಎನ್ನುತ್ತಿದ್ದರು. ನನ್ನಂಥ ಅಣಕು ಮಾಡುವವನಿಗೆ ಇದು ಹಬ್ಬ. ಸಣ್ಣವನಿದ್ದಾಗಿನಿಂದ ನನಗೆ ಇದೊಂದು ಚಟ. ಊರ ಗೌಡರು, ಸಾಲಿ ಮಾಸ್ತರು, ಕಂಡಕ್ಟರು, ನೆಗಡಿಯಾದ ಕೋಣ, ಯಾರನ್ನೂ ಬಿಟ್ಟವನಲ್ಲ. ಯಾರೂ ಸಿಗದಿದ್ದರೆ ನನ್ನನ್ನೇ ನಾನು ಅಣಕಿಸಿಕೊಂಡು ನಗುತ್ತಿದ್ದೆ.

ಜುಲೈ ತಿಂಗಳ ಒಂದು ದಿನ. ಮಳೆ ಹಿಡಿದುಕೊಂಡಿತ್ತು, ಸರ್ ಬಂದಿರಲಿಲ್ಲ. ನಾನು ಮೇಜಿನ ಮುಂದೆ ನಿಂತು ಇಲ್ಲದ ಟೊಪ್ಪಿಗೆ ಸರಿಪಡಿಸಿಕೊಂಡೆ.

"ಮನುಷ್ಯನ ದೇಹ ಅಂದ್ರ ಏನದ? ಒಂದ ಕಾರಖಾನಿ ಅದ. ಹೌದಿಲ್ಲೋ?"

"ಹೌದ್ರೀ ಸರ!" ಎಂದು ಕ್ಲಾಸು ಕೂಗಿತು. ಕೂಗಿದ್ದಷ್ಟೇ ಅಲ್ಲ, ಎಲ್ಲರೂ ಎದ್ದು ನಿಂತರು. ಆಹಾ, ನನ್ನ ಕಲೆಯೇ ಎಂದುಕೊಂಡೆ.

"ಛಲೋ ಮಾಡ್ತಿ," ಎಂಬ ದನಿ ಬೆನ್ನ ಹಿಂದೆ ಕೇಳಿತು. ಸರ್ ಕೊಡೆ ಮಡಚುತ್ತಿದ್ದರು. "ನನ್ನ ದನಿ ಬಂತು. ಇನ್ನ ನನ್ನ ವಿದ್ಯಾನೂ ಬರಲಿ. ಅಂಗಿ ತಗಿ."

"ಸರ?"

"ಅಂಗಿ, ಅಂಗಿ. ಪಟದಾಗಿನ ಮನುಷ್ಯಾಗ ಲಿವರ್ ಇಲ್ಲ. ನಿನಗರೆ ಅದನೋ ಇಲ್ಲೋ ನೋಡೋಣು. ಇಡೀ ಕ್ಲಾಸಿನ್ಯಾಗ ಎಲುಬು ದೂರದಿಂದ ಎಣಸಲಿಕ್ಕೆ ಬರೋದು ನಿನ್ನವಷ್ಟ."

"ಥಂಡಿ ಐತ್ರೀ ಸರ."

"ಕಾರಖಾನಿ ನಡದ್ರ ಬಿಸಿ ಆಗ್ತದ. ತಗಿ."

ಅಂಗಿ ನನಗೆ ಬರೀ ಅಂಗಿಯಾಗಿರಲಿಲ್ಲ. ಧುಪದಾಳದ ಒಡ್ಡಿನ ಕೆಳಗೆ ಗೆಳೆಯರೆಲ್ಲ ಚಡ್ಡಿಯಲ್ಲಿ ಜಿಗಿದರೆ ನಾನು ಅಂಗಿ ಸಮೇತ ಜಿಗಿಯುತ್ತಿದ್ದೆ. ನನ್ನ ಜೊತೆ ಒಂದೇ ಖೋಲಿಯಲ್ಲಿ ಇರುತ್ತಿದ್ದ ಇಮಾಮ, ಹುಕ್ಕೇರಿಯ ಪಿಂಜಾರರ ಹುಡುಗ, "ನೀ ತಾಯಿ ಹೊಟ್ಟ್ಯಾಗಿಂದನೂ ಅಂಗಿ ಹಾಕ್ಕೊಂಡನ ಬಂದೀಯೇನೋ?" ಎಂದು ಕೇಳುತ್ತಿದ್ದ. ಅವನಿಗೂ ನಾನು ತೋರಿಸಿರಲಿಲ್ಲ.

ಅವತ್ತು ಅಂಗಿ ತೆಗೆದೆ, ಒಳಗಿನ ಬನಿಯನ್ನನ್ನೂ ತೆಗೆದೆ. ಅದನ್ನು ಬನಿಯನ್ ಎನ್ನುವುದಕ್ಕಿಂತ ಒಂದಕ್ಕೊಂದು ಹೊಲಿದ ತೂತುಗಳು ಎನ್ನುವುದು ಲೇಸು. ಮೊದಲ ಬೆಂಚಿನ ಇಬ್ಬರು ಹುಡುಗಿಯರು ತೊಲೆಯ ಮೇಲಿನ ಪಾರಿವಾಳ ನೋಡತೊಡಗಿದರು. ಕ್ಲಾಸು ನಗುತ್ತದೆ ಎಂದು ಕಾದೆ, ನಗಲಿಲ್ಲ. ಸರ್ ಅವರ ಕೋಲು ಪಕ್ಕೆಲುಬುಗಳ ಮೇಲೆ ಮೆಟ್ಟಿಲು ಇಳಿದಂತೆ ಇಳಿದು ಬಂದು ಹೊಕ್ಕುಳದ ಹತ್ತಿರ ನಿಂತಿತು.

ಅಲ್ಲಿ ನಾಲ್ಕು ಬರೆಗಳಿದ್ದವು. ಹೊಕ್ಕುಳದ ಮೇಲೆ ಎರಡು, ಕೆಳಗೆ ಎರಡು. ಕೂಸಿದ್ದಾಗ ಉಗುರಿನಷ್ಟು ಇದ್ದಿರಬೇಕು. ನಾನು ಬೆಳೆದಂತೆ ಅವೂ ಬೆಳೆದು ಬೆರಳಿನ ಉದ್ದಕ್ಕೆ ಆಗಿದ್ದವು. ಮೂರು ನೆಟ್ಟಗಿದ್ದವು. ಬಲಗಡೆ ಮೇಲಿನದು ಮಾತ್ರ ಸೊಟ್ಟ, ಕುಡಿದವನು ಗೆರೆ ಎಳೆದ ಹಾಗೆ.

"ಇದೇನೋ? ಯಾರ ಕೊಟ್ರು ಇವನ್ನ?"

ಎಲ್ಲರಿಗೂ ನಾಚಿಕೆಯಾದರೆ ಬಾಯಿ ಕಟ್ಟುತ್ತದೆ. ನನಗೆ ನಾಚಿಕೆಯಾದರೆ ನನ್ನ ಬಾಯಿ ಬೇರೆಯವರದಾಗುತ್ತದೆ. ಅವತ್ತು ಅದು ನಮ್ಮ ಅವ್ವನದಾಯಿತು. ಸೊಂಟದ ಮೇಲೆ ಕೈಯಿಟ್ಟು, ಕೊರಳನ್ನು ಒಂದು ಕಡೆ ಓಲಿಸಿ, ಅವಳು ಮನೆಯಲ್ಲಿ ಬಂದವರಿಗೆಲ್ಲ ಹೇಳುವ ಕಥೆಯನ್ನು ಅವಳ ದನಿಯಲ್ಲೇ ಶುರು ಮಾಡಿದೆ.

"ಏನ ಹೇಳ್ಲ್ಯೋ ಯಪ್ಪಾ! ಕೂಸು ಹಾಲ ಒಲ್ಲೆ ಅಂತು, ನೀರ ಒಲ್ಲೆ ಅಂತು, ಹೊಟ್ಟಿ ನೋಡಿದ್ರ ಡಗ್ಗಾ! ಕಾಸಿದ್ನಿ ನೋಡ ಅರಿಷಿಣದ ಕೊಂಬ. ಹಚ್ಚಿದ್ನಿ, ಚರ್ರ್ ಅಂತು. ಕೂಸು ಕಿರ್ರ್ ಅಂತು. ಮರದಿನ ಮುಂಜಾನೆ ಕಿಸಕ್ಕ ಅಂತ ನಗಾಕತ್ತ ಬಿಡ್ತೋ ಯಪ್ಪಾ!"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಹುಡುಗಿಯರು ಪಾರಿವಾಳ ಬಿಟ್ಟರು. ಸರ್ ಅವರಿಗೆ ನಗುವಿನ ಭರಕ್ಕೆ ಎಷ್ಟೋ ದಿನದಿಂದ ಬಾಕಿಯಿದ್ದ ಸೀನೊಂದು ಬಂದೇ ಬಿಟ್ಟಿತು. ಇದು ಯಾರ ದನಿ ಎಂದು ಯಾರೂ ಕೇಳಲಿಲ್ಲ. ಯಾವಳೋ ಹಳ್ಳಿಯ ಮುದುಕಿ ಅಂದುಕೊಂಡರು. ನಾನೂ ಹೇಳಲಿಲ್ಲ. ಮನೆಯಲ್ಲಿ ಅವ್ವನ ಎದುರಿಗೇ ಆ ದನಿ ಮಾಡುತ್ತಿದ್ದೆ, ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ನನಗೆ ಈ ಕಲೆ ಬಂದದ್ದೇ ಅವಳಿಂದ. ಅವಳು ಆ ಕಥೆ ಹೇಳುವಾಗ ಅತ್ತೆಯಾಗುತ್ತಿದ್ದಳು, ನೆರೆಯವಳಾಗುತ್ತಿದ್ದಳು, ಕೂಸೂ ಆಗುತ್ತಿದ್ದಳು. ಮನೆಯ ನಗು ಬೇರೆ, ಗೋದಾಮಿನ ನಗು ಬೇರೆ ಎಂಬುದು ಅಂಗಿ ಹಾಕಿಕೊಳ್ಳುವಾಗ ಬೆರಳುಗಳಿಗೆ ಗೊತ್ತಾಗಿತ್ತು. ಒಂದೊಂದು ಗುಂಡಿಯನ್ನೂ ತಪ್ಪು ಕಾಜಕ್ಕೆ ಹಾಕಿದ್ದವು.

ಅಲ್ಲಿಂದ ಮುಂದೆ ನಾನೇ ಕ್ಲಾಸಿನ ಪಟ. ವಾರಕ್ಕೊಮ್ಮೆ ಅಂಗಿ ತೆಗೆದು ಮೇಜಿನ ಪಕ್ಕ ನಿಲ್ಲುವುದು. ಸರ್ ಸೀಮೆಸುಣ್ಣದಿಂದ ನನ್ನ ಹೊಟ್ಟೆಯ ಮೇಲೆ ಗೆರೆ ಎಳೆದು ಒಳಗೆ ಏನೇನಿದೆ ಎಂದು ಹೇಳುವುದು. ಸೀಮೆಸುಣ್ಣ ಬೆವರಿಗೆ ಅಳಿಸಿ ಹೋಗುತ್ತಿತ್ತು, ಬರೆಗಳು ಅಳಿಸುತ್ತಿರಲಿಲ್ಲ. ಹಾಗಾಗಿ ಸರ್ ಅವನ್ನೇ ಹಿಡಿದುಕೊಂಡರು. "ಸೊಟ್ಟ ಬರಿ ಹಿಡಕೊಂಡು ಮ್ಯಾಲ ಹೋಗ್ರಿ, ಲಿವರ್ ಸಿಗ್ತದ. ಎಡಗಡೆ ಮ್ಯಾಲಿನ ಬರಿ ಹತ್ರ ಜಠರ. ಬಲಗಡೆ ಕೆಳಗಿನ ಬರಿ ಹತ್ರ ಅಪೆಂಡಿಕ್ಸ್. ಹೌದಿಲ್ಲೋ?" ಹುಡುಗರು ಒಬ್ಬೊಬ್ಬರಾಗಿ ಬಂದು ಒತ್ತಿ ನೋಡಿ ಹೋಗುತ್ತಿದ್ದರು. ಬೆರಳು ತಣ್ಣಗಿರುತ್ತಿದ್ದವು. ಹಿಂದಿನ ಬೆಂಚಿನಿಂದ ಯಾರಾದರೂ "ಏ, ಚರ್ರ್ ಅನ್ನಸೋ!" ಎಂದು ಕೂಗಿದರೆ ನಾನು ಅವ್ವನ ದನಿ ತೆಗೆಯುತ್ತಿದ್ದೆ. ಅದು ಮುಗಿಯುವ ತನಕ ಯಾರೂ ನನ್ನ ಹೊಟ್ಟೆ ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಅಷ್ಟೇ ನನಗೆ ಬೇಕಾಗಿದ್ದದ್ದು.

ಇಮಾಮನ ಕೈ ಚಿತ್ರಕ್ಕೆ ಹೇಳಿ ಮಾಡಿಸಿದ್ದು. ಅಪ್ಪ ಅರಳೆ ಎಷ್ಟು ನಾಜೂಕಾಗಿ ಹಿಂಜುತ್ತಿದ್ದನೋ ಇವನು ಗೆರೆಯನ್ನು ಅಷ್ಟೇ ನಾಜೂಕಾಗಿ ಎಳೆಯುತ್ತಿದ್ದ. ಕಂಡದ್ದನ್ನು ಕಂಡ ಹಾಗೆ ಬಿಡಿಸುತ್ತಿದ್ದ. ಅವನ ಚಿತ್ರವನ್ನು ನೋಡಿ ಉಳಿದವರು ಇಳಿಸಿಕೊಳ್ಳುತ್ತಿದ್ದರು. ದೀಪಾವಳಿಗೆ ಮುಂಚಿನ ಪರೀಕ್ಷೆಯಲ್ಲಿ ಪ್ರಶ್ನೆ ಬಂತು: ಮನುಷ್ಯನ ಹೊಟ್ಟೆಯ ಚಿತ್ರ ಬರೆದು ಅವಯವಗಳ ಜಾಗ ತೋರಿಸಿ. ಇಡೀ ಕ್ಲಾಸು ಹೊಟ್ಟೆ ಬರೆಯಿತು. ಹೊಕ್ಕುಳ ಬರೆಯಿತು. ಹೊಕ್ಕುಳದ ಸುತ್ತ ನಾಲ್ಕು ಬರೆಗಳನ್ನೂ ಬರೆಯಿತು, ಬಲಗಡೆ ಮೇಲಿನದು ಸೊಟ್ಟ. ಒಬ್ಬ ಪುಣ್ಯಾತ್ಮ ಅದಕ್ಕೆ ಬಾಣದ ಗುರುತು ಹಾಕಿ, ಮನುಷ್ಯನ ಹೊಟ್ಟೆಯ ಮೇಲೆ ನಾಲ್ಕು ಬರೆಗಳಿರುತ್ತವೆ, ಲಿವರ್ ಇರುವ ಕಡೆ ಬರೆಯು ವಕ್ರವಾಗಿರುತ್ತದೆ ಎಂದು ಎರಡು ಸಾಲು ಹೆಚ್ಚಿಗೆ ಬರೆದಿದ್ದ.

ಉತ್ತರಗಳನ್ನು ತಿದ್ದಿದವರು ಹೊರ ಊರಿನ ಹಿರಿಯ ಪ್ರಾಧ್ಯಾಪಕರು. ಅವರು ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ ಕೇಳಿ ಕಳಿಸಿದ್ದರು. ಈ ನಾಲ್ಕು ಅವಯವಗಳು ಯಾವುವು? ನಾನು ಓದುವಾಗ ಇವು ಇರಲಿಲ್ಲ.

ನಾನೊಬ್ಬನೇ ಬರೆಗಳಿಲ್ಲದ ಹೊಟ್ಟೆ ಬರೆದಿದ್ದೆ. ಬುದ್ಧಿವಂತಿಕೆಯಿಂದಲ್ಲ, ಆ ನಾಲ್ಕು ಗೆರೆ ಎಳೆಯಲು ನನ್ನ ಕೈ ಒಪ್ಪಲಿಲ್ಲ. ಸಾಹುಕಾರರ ಹೊಟ್ಟೆಯ ಹಾಗೆ ನುಣ್ಣಗೆ, ಛಂದಾಗಿ ಬರೆದೆ. ಆದರೆ ಲಿವರನ್ನು ತಪ್ಪು ಬದಿಗೆ ಹಾಕಿಬಿಟ್ಟೆ. ಉಳಿದವರೆಲ್ಲ ಎದುರಿಗೆ ಕೂತು ನನ್ನನ್ನು ನೋಡಿ ಕಲಿತಿದ್ದರು, ನಾನು ಮೇಲಿನಿಂದ ಬಗ್ಗಿ ನೋಡಿ ಕಲಿತಿದ್ದೆ. ನನ್ನ ಬಲಗೈ ಬದಿಗೆ ಇದ್ದದ್ದನ್ನು ಹಾಳೆಯ ಬಲಕ್ಕೇ ಬರೆದಿದ್ದೆ. ನನ್ನ ಹೊಟ್ಟೆ ನೋಡಿ ಎಲ್ಲರೂ ಪಾಸಾದರು, ನಾನೊಬ್ಬ ಫೇಲಾದೆ.

"ಸ್ವಂತ ಲಿವರಿನ ವಿಳಾಸ ಗೊತ್ತಿಲ್ಲದ ಮನುಷ್ಯಾನ ಇವತ್ತ ನೋಡಿದ್ನಿ," ಎಂದ ಇಮಾಮ. ನಾನೂ ನಕ್ಕೆ.

ಸರ್ ಅವರಿಗೂ ಅವಮಾನವಾಗಿತ್ತು. ಮುಂದಿನ ಪಾಠಕ್ಕೆ ಒಂದು ಹಳೆಯ ವರ್ತಮಾನ ಪತ್ರಿಕೆ, ಒಂದು ಬಟ್ಟಲು ಮೈದಾ ಅಂಟು ತಂದರು. ನಾಲ್ಕು ತುಂಡು ಕಾಗದ ಕತ್ತರಿಸಿ ನನ್ನ ಬರೆಗಳ ಮೇಲೆ ಅಂಟಿಸಿದರು. "ಇನ್ನ ಮುಂದ ಬರಿ ಮರೀರಿ. ಮನುಷ್ಯಾನ್ನ ನೋಡ್ರಿ." ಅವರ ಕೈ ಮೆತ್ತಗಿತ್ತು, ಗಾಯಕ್ಕೆ ಪಟ್ಟಿ ಹಚ್ಚಿದ ಹಾಗೆ. ಕಾಗದ ಒಣಗಿದಾಗ ಚರ್ಮ ಜಗ್ಗುತ್ತಿತ್ತು. ಹೊಟ್ಟೆಯ ಮೇಲೆ ಎಣ್ಣೆ ಮಾರುಕಟ್ಟೆಯ ಸುದ್ದಿ ಓದಬಹುದಿತ್ತು.

ಚಳಿಗಾಲ ಬಂತು. ಜೋಳದ ತೆನೆ ಹಾಲುಗಟ್ಟಿ ಎಳೆ ಕಾಳಿನ ಸೀತನಿ ತಿನ್ನುವ ದಿನಗಳು. ಅಪ್ಪ ಸಂತೆಗೆ ಬೆಲ್ಲ ತಂದಾಗ ಅವ್ವನೂ ಬಂಡಿ ಹತ್ತಿದ್ದಳು. ಮಗ ಓದುವ ಸಾಲಿಯನ್ನು ಒಮ್ಮೆ ನೋಡಬೇಕು, ಹಸೀ ಸೀತನಿ ತಿನ್ನಿಸಬೇಕು ಅಂತ. ನನಗೆ ಗೊತ್ತಿರಲಿಲ್ಲ. ಗೋದಾಮಿಗೆ ದೊಡ್ಡ ಬಾಗಿಲು, ಅರಳೆಯ ಬಂಡಿ ಒಳಗೆ ಬರುವಷ್ಟು. ಆ ಬಾಗಿಲಲ್ಲಿ ಬುತ್ತಿ ಗಂಟು ಹಿಡಿದು ಅವಳು ಬಂದು ನಿಂತಾಗ ನಾನು ಅಂಗಿಯಿಲ್ಲದೆ, ಹೊಟ್ಟೆಗೆ ನಾಲ್ಕು ಕಾಗದ ಅಂಟಿಸಿಕೊಂಡು, ಸುತ್ತ ಹುಡುಗರು, ಮುಂದೆ ಸರ್ ಅವರ ಕೋಲು.

"ಯಪ್ಪಾ! ಏನಾತ್ರೀ ನನ್ನ ಕೂಸಿಗೆ?"

ಹಿಂದಿನಿಂದ ಯಾರೋ "ಚರ್ರ್!" ಎಂದರು. ಇಡೀ ಗೋದಾಮು ನಗುವಿಗೆ ಸಿಡಿಯಿತು. ಆ ದನಿ ಅವರಿಗೆ ಗೊತ್ತಿತ್ತು. ಆ ಏರಿಳಿತ, 'ಯಪ್ಪಾ' ಎಂಬ ಆ ಎಳೆತ, ಎಲ್ಲ ಗೊತ್ತಿತ್ತು. ನಾನೇ ಅಂದೆನೆಂದು ಎಲ್ಲರೂ ನನ್ನ ತುಟಿ ನೋಡಿದರು. ತುಟಿ ಮುಚ್ಚಿದ್ದವು.

ಅವ್ವ ನಗುವ ಕಡೆ ನೋಡಲಿಲ್ಲ. ನೆಟ್ಟಗೆ ನನ್ನ ಹತ್ತಿರ ಬಂದು ಗಂಟು ನೆಲಕ್ಕಿಟ್ಟು ಕಾಗದದ ಮೇಲೆ ಬೆರಳಾಡಿಸಿದಳು. "ಇಷ್ಟ ವರ್ಷದ ಮ್ಯಾಲ ಮತ್ತ ಹುಣ್ಣಾದ್ವೇನ್ರಿ ಡಾಕ್ಟರ? ಕೀವ ಆಗೇತೇನ್ರಿ? ಎಂಥಾ ಮುಲಾಮ ಹಚ್ಚೀರಿ ಇದಕ?" ಎಂದು ಉಗುರಿನಿಂದ ಒಂದು ಕಾಗದದ ಅಂಚು ಎತ್ತಿ ನೋಡಿದಳು. "ಮಾಗ್ಯಾವಲ್ರಿ! ಛಂದ ಮಾಗ್ಯಾವ."

ಸರ್ ಕೋಲು ಕೆಳಗಿಟ್ಟರು. "ನೀವು ಇವನ ತಾಯಿ ಏನ್ರಿ?"

"ಹೌದ್ರೀ. ಹಡದಾಕಿನೂ ನಾನ, ಬರಿ ಕೊಟ್ಟಾಕಿನೂ ನಾನರೀ. ಮೂರು ನೆಟ್ಟಗ ಬಂದ್ವು. ಇದೊಂದ ಸೊಟ್ಟಾತು." ಬಲಗಡೆಯದನ್ನು ಮುಟ್ಟಿದಳು. "ಕೈ ನಡಗಿತ್ರಿ."

ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ತೊಲೆಯ ಮೇಲಿನ ಪಾರಿವಾಳದ ಗುಟುರು ಕೇಳುತ್ತಿತ್ತು. ಮೊದಲ ಬೆಂಚಿನ ಹುಡುಗಿಯೊಬ್ಬಳು ತಲೆ ತಗ್ಗಿಸಿದಳು. ಇಮಾಮ ನನ್ನ ಅಂಗಿ ಎತ್ತಿಕೊಂಡು ಬಂದು ಹೆಗಲ ಮೇಲೆ ಹಾಕಿದ. ಆರು ತಿಂಗಳು ನಾನು ಯಾರ ದನಿ ತೆಗೆದು ಮರೆಯಾಗುತ್ತಿದ್ದೆನೋ ಆ ದನಿಯ ಒಡತಿ ಎದುರಿಗೆ ನಿಂತು ನನ್ನ ಗಾಯ ಮಾಗಿದೆಯೋ ಇಲ್ಲವೋ ನೋಡುತ್ತಿದ್ದಳು. ನೆಲ ಬಾಯಿ ಬಿಡಲಿ ಎನ್ನುತ್ತಾರಲ್ಲ, ನಾನು ನೆಲದ ಕಡೆ ನಿಜವಾಗಿಯೂ ನೋಡಿದೆ. ಗಟ್ಟಿ ಫರಸಿ ಕಲ್ಲು.

ಸರ್ ಕೆಟ್ಟವರಲ್ಲ. ಮಾಸ್ತರರು, ಅಷ್ಟೇ. ಸುಮ್ಮನಿರಲು ಬರಲಿಲ್ಲ. "ತಾಯೀ, ರೋಗ ಇದ್ದದ್ದು ಒಳಗ, ನೀವು ಸುಟ್ಟದ್ದು ಹೊರಗ. ಬರಿ ಕೊಟ್ಟದ್ದರಿಂದ ಯಾವ ಕೂಸೂ ಉಳಿಯೂದಿಲ್ಲ. ಇದು ಅಜ್ಞಾನ ಅದ."

"ಇದು ಉಳದೈತಲ್ರೀ," ಎಂದಳು ಅವ್ವ, ನನ್ನನ್ನು ತೋರಿಸಿ.

"ಅದು ತಾನ ಉಳದದ. ಬರಿ ಇಲ್ಲದನೂ ಉಳೀತಿತ್ತು."

ಅವ್ವ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಸಿಟ್ಟಲ್ಲ. ದೂರದಲ್ಲಿ ಯಾರೋ ತನ್ನ ಹೆಸರು ಹಿಡಿದು ಕರೆದಂತೆ ಮುಖ ಎತ್ತಿ ಸರ್ ಅವರನ್ನು ನೋಡುತ್ತ ನಿಂತಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೊರಗೆ ನಡೆದಳು.

ಸಂತೆಯ ಅಂಚಿನಲ್ಲಿ ಅಪ್ಪನ ಬಂಡಿ ನಿಂತಿತ್ತು. ಅಪ್ಪ ಬೆಲ್ಲದ ವ್ಯಾಪಾರಿಯ ಜೊತೆ ಇದ್ದ. ನಾವಿಬ್ಬರೂ ಬಂಡಿಯ ನೆರಳಿಗೆ ಕೂತೆವು. ಅವ್ವ ಗಂಟು ಬಿಚ್ಚಿ ಸೀತನಿಯನ್ನು ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದಿ ನನ್ನ ಕೈಗೆ ಹಾಕಿದಳು. ಹುಡುಗರು ಯಾಕೆ ನಕ್ಕರು ಎಂದು ಕೇಳುತ್ತಾಳೆ, ಏನು ಹೇಳಲಿ ಎಂದು ನಾನು ಒಳಗೊಳಗೇ ಬೆವರುತ್ತಿದ್ದೆ.

"ನನ್ನ ದನಿ ತಗದಿ ಹೌದಲ್ಲ ಅಲ್ಲಿ?" ಎಂದಳು. ಮುಖದಲ್ಲಿ ಸಣ್ಣ ನಗು ಇತ್ತು. "ತಗಿ, ಅದಕ್ಕೇನ. ಮಂದಿ ನಗತಾರ." ಆಮೇಲೆ ನಗು ಹೋಯಿತು. "ಶಿವ್ಯಾ, ಆ ಮಾಸ್ತರ ಅಂದದ್ದು ಖರೇನ?"

ನಾನು ಯೋಚಿಸಲಿಲ್ಲ. ಕ್ಲಾಸಿನ ಎದುರು ಅವಳಿಗಾದ ಅವಮಾನ ತೊಳೆಯಬೇಕಿತ್ತು, ನನಗಾದದ್ದನ್ನೂ. "ಏ, ಹೋಗಬೇ ಯವ್ವಾ. ಅವರಿಗೇನ ಗೊತ್ತ? ಬರೇ ಪುಸ್ತಕ ಓದಿದ ಮಂದಿ. ನೀ ಬರಿ ಕೊಟ್ಟಿ, ನಾ ಉಳದ್ನಿ. ನೀ ಕೊಡದಿದ್ರ ನಾ ಇವತ್ತ ಎಲ್ಲಿರ್ತಿದ್ನಿ?"

ಹೂಂ ಎನ್ನುತ್ತಾಳೆ, ಖುಷಿಪಡುತ್ತಾಳೆ ಎಂದು ನೋಡಿದೆ. ಅವಳ ಕೈ ಸೀತನಿ ತಿಕ್ಕುವುದನ್ನು ಬಿಟ್ಟಿತು.

"ಹಂಗಾರ ಗಂಗೀನ್ನೂ ನಿಂಗನ್ನೂ ನಾನ ಕೊಂದಂಗಾತು," ಎಂದಳು.

ಗಂಗಿ, ನಿಂಗ. ನನಗಿಂತ ಮೊದಲು ಹುಟ್ಟಿ ತೀರಿಹೋದ ಇಬ್ಬರು ಮಕ್ಕಳು. ಹೆಸರು ಮಾತ್ರ ಗೊತ್ತಿತ್ತು. ಅವ್ವನ ಕಥೆಯಲ್ಲಿ ಅವರಿಗೆ ಪಾತ್ರವಿರಲಿಲ್ಲ. ಕಥೆ ಯಾವಾಗಲೂ ನನ್ನಿಂದ ಶುರುವಾಗುತ್ತಿತ್ತು.

"ಗಂಗೀಗೂ ಹಿಂಗ ಹೊಟ್ಟಿ ಉಬ್ಬಿತ್ತು," ಎಂದಳು. "ಅತ್ತಿ ಕೊಂಬ ಕಾಸಿದ್ಲು. ನಾ ಕೊಡಲಿಲ್ಲೋ ಕೂಸಿನ್ನ. ಅಷ್ಟ ಸಣ್ಣ ಹೊಟ್ಟಿ. ಎತಿಗೊಂಡ ಓಡಿ ಹೋಗಿ ಕಣಕಿ ಬಣವಿ ಹಿಂದ ಕುಂತ್ನಿ, ಕೊಂಬ ಆರೂತನಾ. ಕೂಸು ಹೋತು. ನಿಂಗನ ಪಾಳಿಗೂ ಹಂಗ ಮಾಡಿದ್ನಿ. 'ನಿನ್ನ ಮೆತ್ತನ್ನ ಕರಳ ಎರಡ ಕೂಸ ತಿಂತು' ಅಂದ್ಲು ಅತ್ತಿ. ಓಣಿ ಮಂದಿ ಎಲ್ಲಾ ಅಂದ್ರು. ಅದಕ್ಕ ನಿನಗ ಬಂದಾಗ ಯಾರ ಕೈಗೂ ಕೊಡಲಿಲ್ಲ. ನಾನ ಕಾಸಿದ್ನಿ, ನಾನ ಹಚ್ಚಿದ್ನಿ."

ಒಂದು ಎತ್ತು ಬಾಲ ಬಡಿದು ನೊಣ ಓಡಿಸಿತು. ಅವ್ವ ಅದನ್ನೇ ನೋಡುತ್ತ ಹೇಳಿದಳು: "ಆ ಮಾಸ್ತರ, 'ಬರಿ ಇಲ್ಲದನೂ ಉಳೀತಿತ್ತು' ಅಂದ್ರು ನೋಡು. ಹಂಗಂದ್ರ ಬರಿ ಇಲ್ಲದಕ್ಕ ಅವು ಸಾಯಲಿಲ್ಲ ಅಂದಂಗಾತಲ್ಲೋ. ಅರೆಗಳಿಗಿ ನನ್ನ ಎದಿ ಎಷ್ಟ ಹಗುರಾಗಿತ್ತಪ್ಪಾ."

ನನ್ನ ಬಾಯಲ್ಲಿ ಸೀತನಿ ಇತ್ತು. ಅಂಗೈಗೆ ಉಗುಳಿ ಅವಳ ಕಡೆ ತಿರುಗಿದೆ.

"ಯವ್ವಾ, ಅವರಂದದ್ದ ಖರೆ ಬೇ. ನಾ ಸುಮ್ಮ ಅಂದ್ನಿ. ಪುಸ್ತಕದಾಗೂ ಹಂಗ ಐತಿ, ನಾ ಓದೇನಿ."

"ಇರ್ಲಿ ಬಿಡಪ್ಪ. ಈಗ ನನ್ನ ಸಮಾಧಾನಕ್ಕ ಅಂತಿ. ಮೊದಲ ಅಂದದ್ದ ಖರೆ." ಅವಳು ನನ್ನ ಗಲ್ಲ ಸವರಿದಳು. ಅಪ್ಪ ಬಂದ, ನೊಗ ಎತ್ತಿದ. ಬಂಡಿ ಹೋಗುವ ತನಕ ನಾನು ಇನ್ನೂ ಮೂರ್ನಾಲ್ಕು ಸಲ ಹೇಳಿದೆ. ಹೇಳಿದಷ್ಟೂ ಅದು ಸುಳ್ಳಿನ ಹಾಗೆ ಕೇಳಿಸುತ್ತಿತ್ತು, ನನಗೇ.

ಹುಟ್ಟಿದಾಗಿನಿಂದ ನಾನು ಚೇಷ್ಟೆಗೇ ಬಾಯಿ ಬಳಸಿದವನು. ನಿಜ ಹೇಳುವಾಗ ನನ್ನ ದನಿ ಹೇಗಿರುತ್ತದೆ ಎಂದು ಅವ್ವನಿಗೆ ಹೇಗೆ ಗೊತ್ತಿರಬೇಕು? ಆ ದನಿ ನನಗೇ ಗೊತ್ತಿರಲಿಲ್ಲ.

ಆಮೇಲೆ ಆ ಪುಸ್ತಕವನ್ನು ಓದಿದ್ದು ಪರೀಕ್ಷೆಗಾಗಿ ಅಲ್ಲ. ಕೂಸಿನ ಕರುಳು ಎಷ್ಟು ಉದ್ದ, ಹೊಟ್ಟೆ ಯಾಕೆ ಉಬ್ಬುತ್ತದೆ, ಮೈಯೊಳಗಿನ ನೀರು ಹೋದರೆ ಏನಾಗುತ್ತದೆ ಎಂದು ಹುಡುಕಿ ಹುಡುಕಿ ಓದಿದೆ. ಚರ್ರ್ ಎಂದು ಮತ್ತೆ ಯಾರೂ ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತೇನೋ, ಆ ಸುಮ್ಮನಿರುವಿಕೆಯ ಎದುರು ಅಂಗಿ ತೆಗೆಯುವುದು ಇನ್ನೂ ಕಷ್ಟವಾಗಿತ್ತು. ಒಂದು ದಿನ ಕ್ಲಾಸು ಮುಗಿದ ಮೇಲೆ ಸರ್ ಅವರ ಹತ್ತಿರ ಹೋಗಿ ನಿಂತೆ.

"ಸರ, ಬರಿ ಕೊಡದ ಇದ್ರ ಕೂಸು ಸಾಯತೈತೇನ್ರಿ?"

ಅವರು ತಪಕೀರಿನ ಡಬ್ಬಿ ತೆಗೆದವರು ಹಾಗೆಯೇ ಹಿಡಿದುಕೊಂಡರು. ನಾನು ಗಂಗಿ, ನಿಂಗರ ವಿಷಯ ಹೇಳಿದೆ. ಸರ್ ಲಿವರ್ ಇಲ್ಲದ ಮನುಷ್ಯನ ಪಟದ ಕಡೆ ತಿರುಗಿದರು.

"ಸಾಯೂದಿಲ್ಲ," ಎಂದರು. "ಹೊಟ್ಟಿ ಬ್ಯಾನಿಗೆ ಕೂಸು ಹೋಗ್ತದ. ತಾಯಿ ಎತಿಗೊಂಡು ಕೂತದ್ದಕ್ಕ ಹೋಗೂದಿಲ್ಲ. ಅವತ್ತ ನಾ ಅರ್ಧಾನ ಹೇಳಿ ಬಿಟ್ಟೆ, ಹೌದಿಲ್ಲೋ?" ಆ ಹೌದಿಲ್ಲೋ ಅವರ ಉಳಿದ ಹೌದಿಲ್ಲೋಗಳ ಹಾಗೆ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ವಾರ್ಷಿಕ ಪರೀಕ್ಷೆಯಲ್ಲಿ ನಾನು ಲಿವರನ್ನು ಸರಿಯಾದ ಬದಿಗೆ ಬರೆದು ಪಾಸಾದೆ. ಏಪ್ರಿಲ್ ಬಿಸಿಲಿಗೆ ಮೂಡಲಗಿಗೆ ಹೋದೆ. ಒಂದು ಮಧ್ಯಾಹ್ನ ಅಪ್ಪ ಬಂಡಿ ಹೊಡೆದುಕೊಂಡು ಹೋಗಿದ್ದ, ಅವ್ವ ಪಡಸಾಲೆಯಲ್ಲಿ ಕೂತು ಶ್ಯಾವಿಗೆ ಹೊಸೆಯುತ್ತಿದ್ದಳು. ನಾನು ಅಂಗಿ ತೆಗೆದು ಅವಳ ಎದುರು ನಿಂತೆ. ಒಲೆಯ ಇದ್ದಲಿನಿಂದ ಹೊಟ್ಟೆಯ ಮೇಲೆ ಗೆರೆ ಎಳೆದೆ. ಇದು ಜಠರ, ಇದು ಕರುಳು, ರೋಗ ಇಲ್ಲಿರುತ್ತದೆ, ಬರೆ ಇಲ್ಲಿಯ ತನಕ ಮುಟ್ಟುವುದೇ ಇಲ್ಲ. ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ಅವ್ವ ನಗಾಡಿದಳು. "ಒಳ್ಳೆ ಗೊಂಬಿ ಆಟ ಆಡ್ತಿ ನೋಡ" ಎಂದು ಶ್ಯಾವಿಗೆ ಎಳೆಯುತ್ತಲೇ ಇದ್ದಳು. ನನ್ನ ಮಾತು ಅವಳ ಕಿವಿಯ ತನಕ ಹೋಗಿ ವಾಪಸು ಬರುತ್ತಿತ್ತು.

ಸೋತು ಕೂತೆ. ತಲೆ ಎತ್ತದೆಯೇ ಅವಳು ಕೇಳಿದಳು: "ಆ ಮಾಸ್ತರ ದನಿ ಬರತೈತೇನ ನಿನಗ?"

ಬರುತ್ತಿತ್ತು. ಅದರಿಂದಲೇ ಅಲ್ಲವೇ ಇದೆಲ್ಲ ಶುರುವಾದದ್ದು. ಎದ್ದು ನಿಂತೆ. ಹೊಟ್ಟೆಯ ತುಂಬ ಇದ್ದಲಿನ ಗೆರೆ, ನಡುವೆ ನಾಲ್ಕು ಬರೆ. ಇಲ್ಲದ ಟೊಪ್ಪಿಗೆ ಸರಿಪಡಿಸಿಕೊಂಡೆ. ನಗಿಸಲು ಮಾಡುತ್ತಿದ್ದ ಅದೇ ಕೆಲಸ, ಆದರೆ ಈ ಸಲ ನಗಿಸಲು ಅಲ್ಲ.

"ತಾಯೀ, ಅವತ್ತ ನಾ ಅರ್ಧಾನ ಹೇಳಿದ್ದೆ. ಬರಿ ಕೊಟ್ಟದ್ದಕ್ಕ ಯಾವ ಕೂಸೂ ಉಳಿಯೂದಿಲ್ಲ. ಬರಿ ಕೊಡದ ಇದ್ದದ್ದಕ್ಕ ಯಾವ ಕೂಸೂ ಸಾಯೂದಿಲ್ಲ. ಗಂಗಿ, ನಿಂಗ ಹೊಟ್ಟಿ ಬ್ಯಾನಿಗೆ ಹೋದ್ರು. ನೀವು ಎತಿಗೊಂಡು ಕೂತದ್ದಕ್ಕ ಅಲ್ಲ."

ಅವ್ವ ಶ್ಯಾವಿಗೆಯ ಹಿಟ್ಟನ್ನು ಕೆಳಗಿಟ್ಟಳು. ಹಿಟ್ಟು ಹತ್ತಿದ ಕೈಯಿಂದಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ದೊಡ್ಡವರ ಎದುರು ಕೂತ ಹಾಗೆ. ನನ್ನ ಮುಖ ನೋಡಲಿಲ್ಲ. ನನಗೂ ಅವಳ ಮುಖ ನೋಡುವ ಧೈರ್ಯ ಇರಲಿಲ್ಲ. ಹಡೆದ ತಾಯಿಗೆ ಒಂದು ನಿಜ ಹೇಳಲು ಬೇರೆಯವರ ಬಾಯಿ ಕಡ ತರಬೇಕಾದವನು ಯಾವ ಮುಖ ಹೊತ್ತು ನೋಡಬೇಕು?

"ಇನ್ನೊಮ್ಮೆ ಹೇಳ್ರಿ," ಎಂದಳು.

ಇನ್ನೊಮ್ಮೆ ಹೇಳಿದೆ.